ನಾಲ್ಕನೇ ಜ್ವರ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ.
ಏಪ್ರಿಲ್ಲಿನ ಒಂದು ಹನ್ನೊಂದೂವರೆ.
ತಲೆಯ ಮೇಲೆ ಶೀಟು, ಶೀಟಿನ ಮೇಲೆ ಬಿಸಿಲು,
ಜಾಲರಿ ತುಂಬ ಬಿಳಿ ಗೂಡು, ಹಳದಿ ಗೂಡು,
ನಡುವೆ ಮೊಬೈಲಿಗೆ ಬಗ್ಗಿದ ಜನ.

ಹರಾಜಿನ ಕಂಪ್ಯೂಟರು ನಿಂತಿಲ್ಲ.
ನಿಂತಿದ್ದರೆ ಬೈಯಬಹುದಿತ್ತು.
ನಡೆಯುತ್ತಿದೆ, ಲಾಳ ಕಳಚಿದ ಎತ್ತಿನ ಹಾಗೆ,
ಒಂದು ಲಾಟು ತೋರಿಸಿ, ಯೋಚಿಸಿ,
ಇನ್ನೊಂದು ಅಂಕಿ ಇಟ್ಟು, ಮತ್ತೆ ಯೋಚಿಸಿ.
ರೀಲರು ಏಜಾಸ್ ಪಾಷಾ ಕೂಗಿದ:
“ಇದು ರೇಟು ಹೇಳೋ ಹೊತ್ತಿಗೆ
ಗೂಡಿಂದ ಚಿಟ್ಟೆ ಆಚೆ ಬಂದಿರುತ್ತೆ!”

ನನ್ನನ್ನು ಕರೆಸಿದರು.
ಮೊದಲು ಶಾಖ ನೋಡಿದೆ: ತೊಂಬತ್ತೆಂಟು.
ಸ್ವಿಚ್ಚು ಆರಿಸಿದ್ದಕ್ಕೆ ಇಡೀ ಹಾಲು ಉಸ್ಸೆಂದಿತು.
ಡಬ್ಬದ ಪಕ್ಕೆ ಬಿಚ್ಚಿದರೆ
ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡಿದೆ ರೇಷ್ಮೆ ಜುಂಗು,
ಐದು ವರ್ಷದ ಹರಾಜಿನ ಗಾಳಿಯಲ್ಲಿ ತೇಲಿ ಬಂದದ್ದು,
ಎಳೆಯ ಮೇಲೆ ಎಳೆ,
ಹುಳುವೇ ಇಲ್ಲದೆ ಕಟ್ಟಿಕೊಂಡ ಗೂಡು.

ದಿಬ್ಬೂರಹಳ್ಳಿಯ ಪಿಳ್ಳಮುನಿಯಮ್ಮ
ತನ್ನ ಲಾಟಿನ ಸರದಿ ಬಾರದೆ ನನ್ನ ಬೆನ್ನ ಹಿಂದೆ.
“ಏನಾಗೈತಮ್ಮಿ ಇದಕ್ಕೆ?”
“ಬಿಸಿಯಾಗಿದೆ. ಬಿಸಿಯಾದರೆ
ತಾನೇ ನಿಧಾನ ಮಾಡಿಕೊಳ್ಳುತ್ತೆ, ಸುಟ್ಟುಹೋಗಬಾರದು ಅಂತ.
ಇನ್ನೂ ಏರಿದರೆ ಪೂರ್ತಿ ಕಣ್ಣು ಮುಚ್ಚುತ್ತೆ.”
“ಜ್ವರಕ್ಕೆ ಕೂತೈತೆ ಅನ್ನು ಮತ್ತೆ.”

ಹೌದಲ್ಲ.
ಹುಳು ಸಾಕುವ ಮನೆಯಲ್ಲಿ ಜ್ವರವೆಂದರೆ ಕಾಯಿಲೆಯಲ್ಲ.
ತನ್ನ ಚರ್ಮ ತನಗೇ ಬಿಗಿಯಾದಾಗ
ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ,
ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ಕೂರುವುದು.
ಆಗ ಮೆಣಸಿನಕಾಯಿ ಹುರಿಯುವುದಿಲ್ಲ ಯಾರೂ.
ಸುಣ್ಣದ ಪುಡಿ ಉದುರಿಸಿ, ಕಿಟಕಿ ತೆರೆದು, ಕಾಯುತ್ತಾರೆ.
“ಒಂದು ಎದ್ದೈತೆ ಅಂತ ಸೊಪ್ಪು ಹಾಕಬಾರ್ದು,
ಎಲ್ಲಾ ಏಳಬೇಕು,” ಅಂದಳು,
ಕಂಪ್ಯೂಟರಿಗೇ ಹೇಳುವ ಹಾಗೆ.

ಇದಕ್ಕೂ ನಿದ್ದೆಗಳಿವೆ, ಅಂದೆ. ನಂಬರು ಕೊಟ್ಟ ನಿದ್ದೆಗಳು.
ಒಂದನೆಯದು ಬರೀ ತೂಕಡಿಕೆ,
ಒಂದಕ್ಷರ ಒತ್ತಿ ಇನ್ನೊಂದನ್ನು ಹುಡುಕುವಷ್ಟರಲ್ಲಿ
ಎಷ್ಟೋ ಸಲ ಬಂದು ಹೋಗಿರುತ್ತೆ.
ಮೂರನೆಯದರಲ್ಲಿ ಎದೆಬಡಿತ ನಿಲ್ಲಿಸುತ್ತೆ.
ಆರನೆಯದರಲ್ಲಿ
ನೆನಪಿನ ಗಂಟನ್ನು ಪಕ್ಕದ ಮನೆಗೆ ಕೊಟ್ಟು
ದೀಪವನ್ನೇ ಆರಿಸುತ್ತೆ.
ಕರೆದರೆ ಎದ್ದು, ಗಂಟು ವಾಪಸು ಇಸಕೊಂಡು,
ಬಿಟ್ಟಲ್ಲಿಂದ ಶುರು.

“ಆರಾ? ನಮ್ಮವಕ್ಕೆ ನಾಲ್ಕೇ ಜ್ವರ.
ಐದನೇದು ಗೂಡು.”

ಐದನೆಯದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.
ಏಜಾಸ್ ಪಾಷಾನ ಮನೆಯಲ್ಲಿ ಆ ಹೊತ್ತಿಗೆ ನೀರು ಕುದಿಯುತ್ತಿತ್ತು.

ಜುಂಗು ಕಿತ್ತೆ. ಒಣಗಿ ಬಿರಿದ ಪೇಸ್ಟು ಕೆರೆದು
ಅವರೆಕಾಳಿನಷ್ಟು ಹೊಸದು ಇಟ್ಟೆ, ಸುಣ್ಣದ ಹಾಗೆ ಬಿಳಿ.
ಬೆರಳಿಗೆ ಅಂಟಿದ್ದನ್ನು ಒರೆಸುವಾಗ
ಅಮ್ಮನ ಬೆರಳು ನೆನಪಾದವು.
ಖುರ್ಷಿದ್ ಬೀ. ಇಪ್ಪತ್ತಾರು ವರ್ಷ
ಬಿಸಿನೀರ ಬೇಸನ್ನಿನಲ್ಲಿ ಕೈಯಿಟ್ಟು
ಎಳೆಯ ತುದಿ ಹುಡುಕಿದವಳು.
ನೀರು ಕಾದಷ್ಟೂ ಎಳೆ ಸಲೀಸು,
ಎಳೆ ಸಲೀಸಾದಷ್ಟೂ ಕೈ ಓಡಬೇಕು.
ಬಿಸಿಯಾದರೆ ನಿಧಾನ ಮಾಡಿಕೋ ಎಂಬ ಏರ್ಪಾಡನ್ನು
ಅವಳೊಳಗೆ ಯಾರೂ ಇಟ್ಟಿರಲಿಲ್ಲ.
ಇಲ್ಲ, ಇಟ್ಟಿದ್ದರು.
ಮೇಸ್ತ್ರಿ ಬಂದು ಆಫ್ ಮಾಡಿದ್ದ.

ಈಗ ಚಾ ಲೋಟ ಹಿಡಿದರೆ
ಸುಡುತ್ತಿದೆಯೋ ಆರಿದೆಯೋ ಅವಳ ಕೈಗೆ ತಿಳಿಯದು.
ನನಗೆ ಕೊಡುವ ಮೊದಲು
ಕೆನ್ನೆಗೆ ಒತ್ತಿ ನೋಡಿಕೊಳ್ಳುತ್ತಾಳೆ.

ಗುಂಡಿ ಒತ್ತಿದೆ.
ಫ್ಯಾನು ಗೊರ್ ಎಂದು, ಆಮೇಲೆ ಸದ್ದೇ ಇಲ್ಲದೆ ತಿರುಗಿತು.
ಅರವತ್ತೊಂದು. ಐವತ್ತನಾಲ್ಕು.
ಲಾಟುಗಳು ಒಂದರ ಹಿಂದೊಂದು ಓಡತೊಡಗಿದವು.
ಪಿಳ್ಳಮುನಿಯಮ್ಮನದೂ ಬಂತು:
ಕೆಜಿಗೆ ಮುನ್ನೂರ ಹನ್ನೆರಡು.

ಪರದೆ ನೋಡಿದಳು, ನನ್ನ ಮುಖ ನೋಡಿದಳು.
“ಇಷ್ಟು ಹೇಳಕ್ಕಾ ಅದನ್ನ ಎಬ್ಬಿಸಿದ್ದು?
ಮಲಗಿತ್ತಲ್ಲಮ್ಮಿ, ಪಾಪ.”